ಏನು ವಿಶೇಷ?

ಮಾಜಾಳಿ ಬಸ್ಸಿಗೆ ನಾನೇ ಕಂಡಕ್ಟರ್.
ಕೋಡಿಬಾಗದಲ್ಲಿ ಹತ್ತುವ ಮೀನುಬುಟ್ಟಿಯ ರುಕ್ಮಾಬಾಯಿ
ಆಧಾರ್ ಕಾರ್ಡಿಗಿಂತ ಮೊದಲು ಹೊರಗೆ ತೆಗೆಯುವುದು ಈ ಪ್ರಶ್ನೆ:
"ಏನು ಸುಗಂಧಾ, ವಿಶೇಷ?"
ಶೂನ್ಯ ದರದ ಚೀಟಿ ಹರಿದು ಕೊಡುತ್ತೇನೆ.
ಉತ್ತರ ಅದರಲ್ಲೇ ಇದೆ, ಓದಿಕೊಳ್ಳಲಿ.

ಮದುವೆಯಾಗಿ ಮೂರು ವರ್ಷ, ಎರಡು ತಿಂಗಳು.
ಮೊದಲ ವರ್ಷ ನಾನಿನ್ನೂ ಟ್ರೈನಿ,
ರಜೆ ಹಾಕಿದರೆ ಕಾಯಂ ಆಗುವುದು ಮುಂದಕ್ಕೆ ಎಂದರು ಡಿಪೋದಲ್ಲಿ.
ಎರಡನೆಯ ವರ್ಷ ನಾದಿನಿಯ ಮದುವೆ,
ಸಂಘದ ಸಾಲ, ನನ್ನ ಬಳೆ ಬ್ಯಾಂಕಿನಲ್ಲಿ.
ಮೂರನೆಯ ವರ್ಷಕ್ಕೆ ಕಾರಣವೇ ಇರಲಿಲ್ಲ.
ಕಾರಣವಿಲ್ಲದ ವರ್ಷವೇ ಉದ್ದ.

ಗುರುದಾಸ ಬೈತಖೋಲದ ಪರ್ಸೀನ್ ಬೋಟಿನವನು.
ಅವನು ಮನೆಗೆ ಬರುವ ಬೆಳಗು ನನಗೆ ಮೊದಲ ಟ್ರಿಪ್ಪು.
ಒಂದೇ ಕೋಣೆ, ಒಂದೇ ಹಾಸಿಗೆ,
ಪಾಳಿಯ ಮೇಲೆ ಮಲಗುತ್ತೇವೆ;
ದಿಂಬಿನಲ್ಲಿ ಅವನ ತಲೆಯ ಉಪ್ಪು.
ಜೂನಿನಲ್ಲಿ ಬಂದರಿಗೆ ನಿಷೇಧ ಬಿದ್ದಾಗ ಮಾತ್ರ
ಅರವತ್ತೊಂದು ದಿನ ಗಂಡ ಸಿಗುತ್ತಾನೆ.
ಅತ್ತೆ ಅದನ್ನೂ ಲೆಕ್ಕ ಹಾಕಿಟ್ಟಿದ್ದಾರೆ:
"ಮೀನು ಮೊಟ್ಟೆಯಿಡಲೆಂದೇ ಸರಕಾರ ಎರಡು ತಿಂಗಳು ಬಿಟ್ಟಿದೆ,
ನಿಮಗೆ ಇನ್ಯಾವ ಆದೇಶ ಬೇಕು?"
ನಕ್ಕುಬಿಟ್ಟೆ.
ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ನಿಂತೆ.

ಈ ಸಲದ ಜೂನಿನಲ್ಲಿ ಒಂದು ರಾತ್ರಿ, ಕರೆಂಟಿರಲಿಲ್ಲ,
ಗುರುದಾಸ ಕತ್ತಲಲ್ಲಿ ಬೆರಳು ಮಡಚುತ್ತಿದ್ದ:
"ಈಗಾದರೆ ಮಾರ್ಚು.
ಮಾರ್ಚಿನಲ್ಲಿ ನಾನು ಮಲ್ಪೆಯಾಚೆ ಎಲ್ಲೋ ಇರುತ್ತೇನೆ.
ಹೆಸರು ಕೂಗುವಾಗ ಕಿವಿಗೆ ಫೋನು ಹಿಡಿಯುತ್ತೀಯಾ?
ರೇಂಜು ಸಿಕ್ಕೀತೋ ಇಲ್ಲವೋ."
ಇಷ್ಟು ದಿನ ಎಣಿಸುವವಳು ನಾನೊಬ್ಬಳೇ ಅಂದುಕೊಂಡಿದ್ದೆ.

ನಿನ್ನೆ ಸದಾಶಿವಗಡದಲ್ಲಿ ಒಬ್ಬಳು ತಾಯಿ
ಬಾಗಿಲ ಪಕ್ಕದ ಗೆರೆಯ ಕೆಳಗೆ
ಮಗನ ಮೊಣಕಾಲು ಮಡಚಿಸಿ ನಿಲ್ಲಿಸಿದಳು,
ಅರ್ಧ ಟಿಕೆಟ್ ಉಳಿಸಲು.
ಹುಡುಗ ಗೆರೆ ದಾಟಿ ಎರಡು ಬೆರಳು ಬೆಳೆದಿದ್ದ.
ಉಸಿರು ಹಿಡಿದು ನನ್ನನ್ನೇ ನೋಡುತ್ತಿದ್ದ.
ನಾನು ಕಾಳಿ ನದಿ ನೋಡಿದೆ.

ಚರ್ಮದ ಚೀಲದ ಒಳಜೇಬಿನಲ್ಲಿ, ಹಳೇ ಟ್ರಿಪ್ ಶೀಟಿನ ಮಡಿಕೆಯಲ್ಲಿ,
ಔಷಧಿ ಅಂಗಡಿಯ ಪೊಟ್ಟಣ ಮೂರು ದಿನದಿಂದ ಇದೆ.
ಒಡೆದಿಲ್ಲ.
ಒಡೆಯದಿರುವಷ್ಟು ಹೊತ್ತು ಅದು ಯಾರ ಲೆಕ್ಕಕ್ಕೂ ಇಲ್ಲ.

ಇವತ್ತು ಮತ್ತೆ ಕೋಡಿಬಾಗ, ಮತ್ತೆ ರುಕ್ಮಾಬಾಯಿ.
"ವಿಶೇಷ?"
ಇದೆ, ಅಂದೆ.
ಬಸ್ಸಿಗೆ ಬಸ್ಸೇ ತಿರುಗಿತು.
ಇವತ್ತಿನಿಂದ ನಿನ್ನ ಬುಟ್ಟಿಗೂ ಟಿಕೆಟು.