ಎಳಿ

ಭಾನುವಾರ. ತೀನ್ ಕಂದಿಲ್ ಹಿಂದಿನ ಓಣಿ. ಏಳೂವರಿಗೇ ಸಾಲು.
ಚಾಂದಪಾಷಾ ಅಂದ್ರ ಎಲುಬಿಗೊಂದು, ಖಂಡಕ್ಕೊಂದು ಚೂರಿ ಇಟ್ಟಾಂವ,
ಮೂವತ್ತೊಂದು ವರ್ಷದಾಗ ಒಮ್ಮೆಯೂ ಕೈ ತಪ್ಪದಾಂವ.
ಆವತ್ತು ಯಾರೋ ಚಿಲ್ಲರಿ ಕೇಳಿದ್ರು.

ಹಲಗಿ ಮ್ಯಾಲಿನ ರಕ್ತ ನನ್ನದೋ ಹೋತಿಂದೋ
ತಿಳಿಯಾಕ ಒಂದು ಗಳಿಗಿ ಹಿಡೀತು.
ಎಡಗೈ ಉಂಗುರದ ಬೆರಳಿಗೆ ಮಡಚು ಅಂದೆ.
ಅದು ಸುಮ್ಮನ ನೆಟ್ಟಗ ನಿಂತಿತ್ತು,
ಬ್ಯಾರೆಯವರ ಬೆರಳಿನಂಗ.

"ನರ ಕಡದದ" ಅಂದರು ಸಾಲಿನ ಮಂದಿ.
"ನರ ಅಲ್ಲ" ಅಂದರು ದವಾಖಾನಿ ಡಾಕ್ಟರು, "ಖಂಡದ ತುದಿಯ ಹುರಿ.
ಕಡದ ಕೂಡಲೇ ಅಂಗೈಯೊಳಗ ಓಡಿಹೋಗಿ ಅಡಗಿರ್ತದ, ಹುಡುಕಬೇಕು."
ಆ ನೋವಿನಾಗೂ ನಗು ಬಂತು. ನನಗ ಗೊತ್ತಿಲ್ಲೇನು?
ಬಿಗಿದು ಹಿಡಿದದ್ದು ಯಾವುದು ಕಡದ್ರೂ ಹಿಂದಕ್ಕ ಓಡ್ತದ.

ಖಂಡ ಅಂದ್ರ ಬರೇ ಕೆಂಪು ಅಲ್ಲ.
ಎಳಿ ಎಳಿ, ಜೋಳದ ಸಿವುಡು ಕಟ್ಟಿದಂಗ.
ಒಂದೊಂದು ಎಳಿಗೆ ಒಂದು ಪೊರಿ,
ಹತ್ತೆಂಟು ಕೂಡಿದ್ರ ಮತ್ತೊಂದು,
ಎಲ್ಲ ಕೂಡಿದ ಮ್ಯಾಲ ಉಳ್ಳಾಗಡ್ಡಿ ಸಿಪ್ಪಿಯಷ್ಟು ತೆಳ್ಳಂದು,
ಬೆಳಕು ಬಿದ್ರ ಬೆಳ್ಳಿ.
ಆ ಪೊರಿ ಎಲ್ಲ ತುದಿಗೆ ಬಂದು ಹೊಸಕೊಂಡು
ಹುರಿ ಆಗಿ ಎಲುಬು ಹಿಡೀತಾವ.
ಗಿರಾಕಿ "ಅದನ್ನ ತಗದು ಕೊಡು" ಅಂತಾರ.
ತಗೀತೀನಿ. ಬೆಕ್ಕಿಗೆ ಒಗೀತೀನಿ.

ಕಟ್ಟಿ ಮೇಯಿಸಿದ ಮರಿ ಬಾಯಾಗ ಕರಗ್ತದ.
ಮುದಗಲ್ಲಿನ ಗುಡ್ಡ ಹತ್ತಿ ಇಳಿದ ಹೋತಿನ ತೊಡಿ
ಎಂಟು ಸೀಟಿ ಹೊಡಿಸಿದ್ರೂ ಬಗ್ಗಂಗಿಲ್ಲ,
ನಡದ ದಾರಿ ಎಲ್ಲ ಒಳಗ ಬರಕೊಂಡಿರ್ತದ.
ಅಷ್ಟು ಓದಿದಾಂವ ನಾನು.
ನನ್ನ ಕೈ ಒಂದು ಓದಿರಲಿಲ್ಲ.

ಹೊಲಿಗಿ ಹಾಕಿದ ನಾಲ್ಕನೇ ದಿನಕ್ಕ ಬಂದಾಕಿ ಜಗದೇವಿ,
ನನ್ನ ಮಗಳಿಗಿಂತ ಎರಡೇ ವರ್ಷ ದೊಡ್ಡಾಕಿ.
"ಕಾಕಾ, ಮಡಚ್ರಿ. ಹರಿಯೋ ಹಂಗ ಅಲ್ಲ, ಮೆಲ್ಲಕ.
ಅಲುಗಾಡದಿದ್ರ ಹುರಿ ತನ್ನ ಪೊರಿಗೇ ಅಂಟಿಕೊಳ್ತದ.
ಇಜಾರದಾಗ ಲಾಡಿ ಸರದಾಡಬೇಕಲ್ಲ?
ಅದನ್ನೇ ಹೊಲದುಬಿಟ್ರ ಇಜಾರ ಹೆಂಗ ಕಟ್ತೀರಿ?"
ಬಾಕಿನ ಮ್ಯಾಲ ಕುಂತ ಹೆಣಮಕ್ಕಳು ಸೆರಗಿನಾಗ ನಕ್ಕರು.

"ಗಾಯದಾಗ ಹೊಸ ಎಳಿ ಹುಟ್ಟೋದು ದಿಕ್ಕಿಲ್ಲದಂಗ,
ಜಾಲಿ ಕಂಟಿ ಬೆಳದಂಗ.
ದಿನಾ ಇಷ್ಟಿಷ್ಟು ಎಳದ್ರ
ಎಳದ ಕಡೆಗೆ ಸಾಲು ಹಿಡೀತಾವ."

ಮನಿಗೆ ಬಂದು ಆ ಮಾತು ಮೆಲಕು ಹಾಕಿದೆ.
ಎಳೀದಿದ್ದಾಗ ಎಳದ್ರ ಎಳಿ ಆಗ್ತದ.
ಮೂರಕ್ಕೂ ಒಂದೇ ಮಾತು ಇಟ್ಟಾಂವ
ಕಟುಕನೇ ಇರಬೇಕು,
ಇಲ್ಲಾ ನೇಕಾರ.

ಮಹಬೂಬ್ಬಿ ರಾತ್ರಿಯೆಲ್ಲ ಕಾಲು ಕುದಿಸಿದಳು.
ಚೂರಿಗೂ ಬಗ್ಗದ ಹುರಿ
ಬೆಳಗಾಗೋದ್ರೊಳಗ ಅಂಟಾಗಿ ತುಟಿಗೆ ಹತ್ತಿತ್ತು.
"ಕಾಲಿಂದು ಕೈಗೆ ಹೋಗ್ತದ, ಕುಡಿ" ಅಂದಳು.
ಜಗದೇವಿಗೆ ಹೇಳಿದೆ. ಆಕಿ ಹೌದೂ ಅನ್ನಲಿಲ್ಲ, ಅಲ್ಲಾ ಅನ್ನಲಿಲ್ಲ.
"ಕುಡೀರಿ ಕಾಕಾ. ಬೆರಳೂ ಮಡಚ್ರಿ."

ಹನ್ನೊಂದು ವಾರ.
ಅಂಗಡಿ ತಮ್ಮನ ಮಗ ನೋಡ್ತಾನ.
ಎಳಿಗುಂಟ ಕೊಯ್ತಾನ ದಡ್ಡ, ಗಿರಾಕಿ ಬಾಯಾಗ ಬರೇ ನಾರು.
"ಅಡ್ಡ ಕೊಯ್ಯೋ" ಅಂತ ಕುರ್ಚಿ ಮ್ಯಾಲಿಂದ ಗದರತೀನಿ.
ಆ ಪೊರಿ ಮಾತ್ರ ಈಗ ಬೆಕ್ಕಿಗೆ ಒಗ್ಯಾಕ ಕೈ ಬರವಲ್ದು,
ಬೆಳಕಿಗೆ ಹಿಡಿದು ಒಮ್ಮೆ ನೋಡ್ತೀನಿ. ಆಮ್ಯಾಲ ಒಗೀತೀನಿ.

ಬೆರಳು ಬಗ್ಗಿ ಬಗ್ಗಿ ಅಂಗೈ ಹತ್ರ ಬಂದು ನಿಲ್ತದ.
ನಡುವ ಎರಡು ಜೋಳದ ಕಾಳು ಹಿಡಿಯೋವಷ್ಟು ಜಾಗ.
ಹೋದ ಶುಕ್ರವಾರ
ಮೂರು ಹಿಡೀತಿದ್ವು.