ಸ್ಮಾರಕ ದಿನದ ರಿಯಾಯಿತಿ

ಮೇ ತಿಂಗಳ ಕೊನೆಯ ಸೋಮವಾರ, ಟೊಲಿಡೊ.
ಮಡಿದವರ ನೆನಪಿಗೆ ದೇಶಕ್ಕೆಲ್ಲ ರಜೆ,
ಹಾಸಿಗೆ ಅಂಗಡಿಗೆ ಮಾತ್ರ ಸುಗ್ಗಿ:
ಕ್ವೀನ್ ಸೈಜಿಗೆ ಅರ್ಧ ಬೆಲೆ, ಎರಡು ದಿಂಬು ಪುಕ್ಕಟೆ.

ವರ್ನೆಲ್ಲಾ ಟಿಬ್ಸ್ ಎಂಟಕ್ಕೇ ಬಂದು
ಬಾಗಿಲಿಗೆ ಇಪ್ಪತ್ತು ಪುಟ್ಟ ಬಾವುಟ ಸಿಕ್ಕಿಸಿದ್ದಾಳೆ.
ಗಂಟೆ ಲೆಕ್ಕದವರಿಗೆ ರಜೆ ಲೆಕ್ಕಕ್ಕಿಲ್ಲ.

ಗಿರಾಕಿಗಳು ಬೂಟು ಕಳಚದೆ
ಮಲಗಿ ನೋಡುತ್ತಾರೆ,
ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು,
ಸಾಲಾಗಿ, ಅಲುಗದೆ.
ಅವಳು ಆ ಕಡೆ ನೋಡುವುದಿಲ್ಲ.
"ಬೆನ್ನಿಗೆ ಹಿತವಾಗಿದೆಯೆ?" ಅನ್ನುತ್ತಾಳೆ
ಕ್ಯಾಲ್ಕುಲೇಟರಿಗೆ.

ಮಗ ಡೆಲ್ರಾಯ್ ಕಂದಹಾರದಿಂದ ಬಂದಮೇಲೆ
ನೆಲದಲ್ಲೇ ಮಲಗಿದ, ಗೋಡೆಗೆ ಬೆನ್ನು ಕೊಟ್ಟು,
ಹದಿನಾಲ್ಕು ತಿಂಗಳು.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ,
ಅವನ ಕಾಲು ಮಡಚಿದ್ದು ಮಡಚಿದಂತೆಯೇ.
ಆಸ್ಪತ್ರೆಗೆ ಫೋನು ಮಾಡಿದರೆ: ಲೈನಿನಲ್ಲಿರಿ,
ನಿಮ್ಮ ಸೇವೆಗೆ ದೇಶ ಋಣಿ.
ಆಮೇಲೆ ಪಿಯಾನೊ. ಇನ್ನಷ್ಟು ಪಿಯಾನೊ.
ಸತ್ತದ್ದು ಅಡಿಗೆಮನೆಯಲ್ಲಿ.

ಹಾಗಾಗಿ ಚೌಕದ ಕಲ್ಲಿನಲ್ಲಿ ಅವನ ಹೆಸರಿಲ್ಲ.
ಕಾಗದದ ಪ್ರಕಾರ
ಅವನ ಯುದ್ಧ ಮೊದಲೇ ಮುಗಿದಿತ್ತಂತೆ.

ಮೂರು ಗಂಟೆಗೆ ಸ್ಪೀಕರಿನಲ್ಲಿ ಮ್ಯಾನೇಜರು:
ಒಂದು ನಿಮಿಷ ಮೌನ.
ಎಲ್ಲರೂ ಎದ್ದು ನಿಂತರು. ಆರನೇ ಹಾಸಿಗೆಯ ಹುಡುಗನೊಬ್ಬ
ಏಳಲಿಲ್ಲ. ಸಣ್ಣಗೆ ಗೊರಕೆ.
ಮ್ಯಾನೇಜರು ಕಣ್ಸನ್ನೆ ಮಾಡಿದ: ಎಬ್ಬಿಸು.

ವರ್ನೆಲ್ಲಾ ಹೋದಳು. ಬಾಗಿದಳು.
ಲೇಸು ಬಿಚ್ಚಿ, ಮೆಲ್ಲಗೆ,
ಅವನ ಬೂಟು ಕಳಚಿ
ಜೋಡಿಸಿ ಕೆಳಗಿಟ್ಟಳು.