ಚಕ್ಕುಬಂದಿ

ವಿರಾಜಪೇಟೆ ತಾಲ್ಲೂಕು ಕಚೇರಿಯ ಎದುರು, ಸಿಲ್ವರ್ ಮರದ ಬುಡದಲ್ಲಿ
ಮೂವತ್ತೊಂದು ವರ್ಷ ಪತ್ರ ಬರೆದಿದ್ದೇನೆ.
ಕ್ರಯ, ಭೋಗ್ಯ, ಪಾಲುಪಟ್ಟಿ, ಹಕ್ಕು ಖುಲಾಸೆ;
ಜಮ್ಮಾ ಜಾಗದ ಜಗಳಕ್ಕೆ ಬೇರೆಯೇ ಒಂದು ಕಡತ.
ಸತ್ತವರದ್ದನ್ನು ಇದ್ದವರಿಗೆ ದಾಟಿಸುವುದು ನನ್ನ ಕಸುಬು.
ಇದ್ದವರೊಬ್ಬರು ತಮ್ಮ ಸಾವನ್ನು ತಮ್ಮ ಹೆಸರಿಗೇ
ಖಾತೆ ಮಾಡಿಸಿಕೊಡಿ ಎಂದು ಬಂದದ್ದು ಅದೇ ಮೊದಲು.

ಅಮ್ಮತ್ತಿಯ ಅಂಚೆಯಣ್ಣ ಪಳಂಗಪ್ಪ. ನಿವೃತ್ತರು.
ಮೆಟ್ಟಿಲು ಹತ್ತಿದರೆ ಎದೆಯೊಳಗೆ ಸೀಟಿ.
ಜೇಬಿನಲ್ಲಿ ಪೇಪರಿನ ತುಂಡು, ನಾಲ್ಕು ಮಡಿಕೆ:
ಘನತೆಯಿಂದ ಬದುಕುವ ಹಕ್ಕಿನೊಳಗೇ
ಘನತೆಯಿಂದ ಸಾಯುವುದೂ ಇದೆ ಎಂದಿದೆಯಂತೆ ಸುಪ್ರೀಂ ಕೋರ್ಟು.
"ಹೊಸದೇನಲ್ಲ," ಅಂದರು, "ನಮ್ಮ ಇಲಾಖೆಯಲ್ಲಿ ಹಳೇ ಕಾನೂನು.
ರಿಜಿಸ್ಟರ್ ಆಗಲಿ, ಮನಿಯಾರ್ಡರ್ ಆಗಲಿ,
ಯಾರ ಹೆಸರಿಗೆ ಬಂತೋ ಅವರು ಬೇಡ ಅಂದರೆ ಬೇಡ.
'ಪಡೆಯಲೊಪ್ಪಲಿಲ್ಲ', ಕೆಂಪು ಶಾಯಿ, ವಾಪಸ್ಸು.
ಯಾಕೆ ಅಂತ ಕೇಳುವ ಅಧಿಕಾರ ಪೋಸ್ಟ್‌ಮಾಸ್ಟರಿಗೂ ಇಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದರು.
"ಚಿಣ್ಣವ್ವನಿಗೆ ಮೈಸೂರಲ್ಲಿ ಇಪ್ಪತ್ತೆರಡು ದಿನ.
ಕೊಳವೆ ಕಿತ್ತಾಳೆಂದು ಬ್ಯಾಂಡೇಜು ಬಟ್ಟೆಯಲ್ಲಿ ಕೈ ಕಟ್ಟಿದ್ದರು.
ಬೇಡ ಅನ್ನುವುದಕ್ಕೆ ಅವಳ ಹತ್ತಿರ ಇದ್ದದ್ದೇ ಆ ಕೈ."

ಬರೆಯಲು ಕೂತೆ. ಕ್ರಿಯಾಪದ ಸಿಗಲಿಲ್ಲ.
ಹಿಂಪಡೆಯುವುದು? ಬ್ಯಾಂಕಿನ ಮಾತು, ಇಲ್ಲವೇ ಮೊಕದ್ದಮೆಯದು.
ತೆಗೆಯುವುದು? ಜೀವ ತೆಗೆದ ಹಾಗೆ.
ನಿಲ್ಲಿಸುವುದು ಅಂದರೆ ಬಸ್ಸು.
ಕೈಬಿಡುವುದು ಅಂತ ಬರೆದು ನಾನೇ ಹೊಡೆದುಹಾಕಿದೆ:
ಯಾರು ಯಾರ ಕೈ ಬಿಟ್ಟರೆಂದು ನಾಳೆ ಮಗಳು ಅತ್ತಾಳು.
"ಕೈ ಬಿಚ್ಚುವುದು ಅಂತ ಬರಿ," ಅಂದರು ಪಳಂಗಪ್ಪ.
ನೋಟರಿ ಒಪ್ಪಲಿಲ್ಲ. ಹಿಂಪಡೆಯುವುದು ಅಂತಲೇ ಆಯಿತು.

ಆದರೆ ಚಕ್ಕುಬಂದಿ ಇಲ್ಲದ ಪತ್ರ ನನ್ನ ಕೈಯಿಂದ ಹೋದದ್ದಿಲ್ಲ.
ಸ್ವತ್ತಿನ ವಿವರ: ಮೈ ಒಂದು,
ಎಪ್ಪತ್ತಮೂರು ವರ್ಷದಿಂದ ಸ್ವಾಧೀನಾನುಭವದಲ್ಲಿರುವಂಥದ್ದು.
ಮೂಡಲಿಗೆ: ಉಸಿರಿನ ಯಂತ್ರ, ಒಳಕ್ಕೆ ಬರತಕ್ಕದ್ದಲ್ಲ.
ಪಡುವಲಿಗೆ: ಮೂಗಿನ ನಳಿಗೆ, ಅದೂ ಅಲ್ಲ.
ಬಡಗಲಿಗೆ: ಎದೆ ಗುದ್ದಿ ಎಬ್ಬಿಸುವುದು. ಬೇಡ.
ತೆಂಕಲಿಗೆ: ನೋವಿನ ಮದ್ದು, ತುಟಿಗೆ ನೀರು, ಮಗಳು.
ಈ ಕಡೆ ಬೇಲಿ ಇಲ್ಲ. ದಾರಿ ಬಿಟ್ಟಿದೆ.

ಮೊಯ್ದು ಚಹದ ಕೆಟಲು ಕೆಳಗಿಟ್ಟು ಸಾಕ್ಷಿ ಹಾಕಿದ.
ಇನ್ನೊಂದು ಸಾಕ್ಷಿ ಝೆರಾಕ್ಸ್ ಅಂಗಡಿಯ ಫಿಲೋಮಿನಾ;
ಪೂರ್ತಿ ಓದಿ, "ನಂಗೂ ಒಂದು ಮಾಡಿಕೊಡ್ತೀರಾ?" ಅಂದಳು. ನಗಲಿಲ್ಲ.

ಮುಂದಿನ ಕಕ್ಕಡದಲ್ಲಿ ಮಡಿಕೇರಿ ಆಸ್ಪತ್ರೆಯಿಂದ ಫೋನು.
ಪತ್ರ ಯಾರಿಗೂ ನೆನಪಾಗುವ ಮೊದಲೇ
ರಾತ್ರೋರಾತ್ರಿ ಕೊಳವೆ ಇಳಿದಿತ್ತು. ಎರಡೂ ಕೈಗೆ ಬಟ್ಟೆ.
ಮೂವರು ವೈದ್ಯರ ಒಂದು ಮಂಡಳಿ, ಅದರ ಮೇಲೆ ಇನ್ನೊಂದು,
ಆಮೇಲೆ ಮ್ಯಾಜಿಸ್ಟ್ರೇಟರಿಗೆ ತಿಳಿವಳಿಕೆ.
ಅಳಿಯ ಕಾಗದವನ್ನು ಬೆಳಕಿಗೆ ಹಿಡಿದ, ಐನೂರರ ನೋಟು ನೋಡುವ ಹಾಗೆ.
ಎಳೆಯ ಡಾಕ್ಟರಮ್ಮ, ಧಾರವಾಡದ ಕಡೆಯವರು, ಚಕ್ಕುಬಂದಿ ಎರಡು ಸಲ ಓದಿದರು.
"ತೆಂಕಲು ಅಂದ್ರ ಯಮನ ದಿಕ್ಕಲ್ಲೇನ್ರಿ? ಅಲ್ಲೇ ದಾರಿ ಬಿಟ್ಟೀರಿ?"
ನನಗೆ ಹೊಳೆದಿರಲಿಲ್ಲ.
ಮಗಳ ಮನೆ ಕುಟ್ಟದ ಕಡೆ, ಅದಕ್ಕೇ ಹಾಗೆ ಬರೆದದ್ದು, ಅಂದೆ.

ಯಂತ್ರ ತೆಗೆದ ಮೇಲೆ ಹತ್ತೊಂಬತ್ತು ಗಂಟೆ
ಅವರು ತಾವೇ ಉಸಿರಾಡಿದರು. ಪತ್ರದಲ್ಲಿ ಅದಕ್ಕೆ ಕಲಂ ಇರಲಿಲ್ಲ.
ದಮಯಂತಿ ಹತ್ತಿ ಅದ್ದಿ ಅದ್ದಿ ತುಟಿಗೆ ಒತ್ತುತ್ತಿದ್ದಳು.
ಬಿಚ್ಚಿದ ಕೈಯ ಬೆರಳು ಹೊದಿಕೆಯ ಮೇಲೆ
ಮೆಲ್ಲಗೆ ಕಾಗದ ವಿಂಗಡಿಸುತ್ತಿತ್ತು,
ಇದು ಮೇಲಿನ ಕೇರಿಗೆ, ಇದು ತೋಟದ ಲೈನಿಗೆ.

ಹೊರಗೆ ಬೆಂಚಿನ ಮೇಲೆ ಕೂತು ನನ್ನ ಪ್ರತಿಯಲ್ಲಿ
'ಹಿಂಪಡೆಯುವುದು' ಹೊಡೆದು, ಮೇಲೆ
'ಕೈ ಬಿಚ್ಚುವುದು' ಎಂದು ಬರೆದೆ.
ತಿದ್ದುಪಡಿಗೂ ಎರಡು ಸಾಕ್ಷಿ ಬೇಕು.
ಕಾರಿಡಾರಿನಲ್ಲಿ ನೆಲ ಒರೆಸುವ ಹೆಂಗಸು ಒಬ್ಬಳೇ ಇದ್ದಳು.